ಏಳನೆಯ ಕೈ

ರೊಟ್ಟಿ ಬಡಿಯುತ್ತಿದ್ದ ಸಾವಂತ್ರವ್ವನ ಬಲಗೈ ನಡುವೆಯೇ ನಿಂತುಬಿಟ್ಟಿತು. ಒಲೆಯ ಮೇಲೆ ಹಂಚು ಕಾದಿತ್ತು. ಜೋಳದ ಹಿಟ್ಟು ಹಲಗೆಯ ಮೇಲೆ ಅಂಗೈಗಿಂತ ತುಸು ಅಗಲವಾಗಿ ಹರಡಿತ್ತು. ಬಡಿಯಬೇಕಾದ ಕೈ ಹೆಬ್ಬೆರಳನ್ನು ರೊಟ್ಟಿಯ ಅಂಚಿಗೆ ಊರಿ ಒತ್ತಿತು. ಒತ್ತಿದ್ದನ್ನು ಒಂದಿಷ್ಟು ಓರೆ ಮಾಡಿತು. ಆಮೇಲೆ ಮಲಗಿದ ಕೂಸಿನ ಬೆನ್ನು ತಟ್ಟಿದ ಹಾಗೆ ಮೆಲ್ಲಗೆ ಎರಡು ಸಲ ತಟ್ಟಿತು. ಅಂಚು ಹರಿದು ರೊಟ್ಟಿಗೆ ತೂತು ಬಿತ್ತು.

"ಬಂದನೇನ ನಿನ್ನ ಬೀಗ?" ಎಂದಳು ಅತ್ತೆ ಕಾಳವ್ವ. ಬಾಗಿಲ ಬೆಳಕಿಗೆ ಕೂತು ಆಕೆ ಹೊದೆಯುವ ಕೌದಿಗೆಂದು ಹಳೆಯ ಸೀರೆಗಳನ್ನು ತುಂಡು ಮಾಡುತ್ತಿದ್ದಳು.

"ಬಂದಾನ ಅತ್ತೀ."

"ಬಂದ್ರ ಉಂಡ ಹೋಗಂತ ಹೇಳು. ಮಾಡಿದ ರೊಟ್ಟಿ ಕೆಡಸಬ್ಯಾಡ ಅನ್ನು."

ಹೊಲಕ್ಕೆ ಹೊರಟಿದ್ದ ಗಂಡ ದುಂಡಪ್ಪ ಚಪ್ಪಲಿ ಮೆಟ್ಟುತ್ತ ನಕ್ಕ. "ಪರಗಂಡಸನ್ನ ಮನಿಗೆ ಕರಕೊಂಡು ಬಂದಾಳ, ನಾ ಏನರ ಅಂದೇನೇನು? ನನ್ನಂಥ ಗಂಡ ಸಿಗಾಕ ಪುಣ್ಯ ಮಾಡಿರಬೇಕು."

ಆ ಪರಗಂಡಸು ಸತ್ತು ಒಂಬತ್ತುನೂರು ವರ್ಷದ ಮೇಲಾಗಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಗಂಡಸು ಎಂಬುದಕ್ಕೂ ಆಧಾರವಿರಲಿಲ್ಲ. ಊರಿನ ಬಾಯಲ್ಲಿ 'ಆಂವ' ಎಂದು ರೂಢಿಗೆ ಬಂದಿತ್ತು, ಅಷ್ಟೇ. ಈಗ ಇಸ್ತಾಂಬುಲ್ ಎನ್ನುವ ಪಟ್ಟಣ ಕಾನ್‌ಸ್ಟಾಂಟಿನೋಪಲ್ ಆಗಿದ್ದ ಕಾಲದಲ್ಲಿ, ಅಲ್ಲಿಯ ಕಡಲಗೋಡೆಯ ಹತ್ತಿರ ಒಂದು ಚಿಕ್ಕ ಇಗರ್ಜಿ ಕಟ್ಟಿದ್ದರು. ಅದರ ಒಳಗುಮ್ಮಟಕ್ಕೆ ಬಣ್ಣದ ಗಾಜಿನ ಹರಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮಾಡಿದವರಲ್ಲಿ ಆಂವ ಒಬ್ಬ. ಇಗರ್ಜಿ ಯಾವತ್ತೋ ಕುಸಿದಿತ್ತು. ಉಳಿದದ್ದು ಅರೆಗುಮ್ಮಟದ ಒಂದು ಭಾಗ, ಹಸಿ ಗಾರೆಯ ಮೇಲೆ ಮೊದಲು ಬರೆದುಕೊಂಡಿದ್ದ ಗೆರೆಗಳು, ಮಣ್ಣು ಜರಡಿ ಹಿಡಿದಾಗ ಸಿಕ್ಕ ಹರಳುಗಳು.

ಗೋಡೆ ಬಿದ್ದರೂ ಅದನ್ನು ಕಟ್ಟಿದ ಕೈ ಗಾರೆಯೊಳಗೆ ಉಳಿದಿದ್ದರೆ? ಹೀಗೆಂದು ಯಾರೋ ಕೇಳಿದ್ದರಿಂದ ಇದೆಲ್ಲ ಶುರುವಾಯಿತು. ಹರಳನ್ನು ಹಸಿ ಗಾರೆಗೆ ಒತ್ತಿದರೆ ಗಾರೆ ಒಂದು ಬದಿಗೆ ಉಬ್ಬಿ ಸಣ್ಣ ತುಟಿಯಂತಾಗುತ್ತದೆ. ತುಟಿ ಒಣಗಿ ಕಲ್ಲಾಗುತ್ತದೆ. ಅದನ್ನು ಸೂಕ್ಷ್ಮವಾಗಿ ಅಳೆದರೆ ಒತ್ತಿದ ಬೆರಳು ಯಾವ ಕಡೆಯಿಂದ ಬಂತು, ಎಷ್ಟು ಹೊತ್ತು ನಿಂತಿತು, ಹೇಗೆ ಎದ್ದಿತು ಎಂದು ತಿಳಿಯುತ್ತದೆ. ಸಾವಿರಾರು ಹರಳುಗಳ ತುಟಿಗಳನ್ನು ಕೂಡಿಸಿದರೆ ಒಂದು ಕೈಯ ನಡೆ ಸಿಗುತ್ತದೆ. ಆ ಕೈಗೇ ಮಿಕ್ಕ ಗುಮ್ಮಟವನ್ನು ಕೊಟ್ಟರೆ, ಬಿದ್ದುಹೋದದ್ದನ್ನು ತಾನು ಮೊದಲು ಮಾಡಿದ ಹಾಗೇ ಮತ್ತೆ ಮಾಡಿಕೊಡುತ್ತದೆ, ಕಲ್ಲಿನಲ್ಲಲ್ಲ, ಬೆಳಕಿನಲ್ಲಿ. ಇಡೀ ಹಳೆಯ ಪಟ್ಟಣವನ್ನು ಹೀಗೆ ಕಟ್ಟುವ ಕೆಲಸ ಹತ್ತಾರು ದೇಶಗಳಲ್ಲಿ ನಡೆದಿತ್ತು. ಒಂದು ಇಗರ್ಜಿ ಮಲಪ್ರಭೆಯ ದಂಡೆಯ ಮೆಣಸಿನಕೊಪ್ಪಕ್ಕೆ ಬಂದಿತ್ತು.

ಬರಲು ಕಾರಣ ಕೌದಿ. ಯಂತ್ರಕ್ಕೆ ಕೈಯ ದಾರಿ ಗೊತ್ತು, ಭಾರ ಗೊತ್ತಿಲ್ಲ. ಬರೀ ಲೆಕ್ಕದಿಂದ ಕೂರಿಸಿದ ಹರಳುಗಳು ಬಚ್ಚಲ ಗೋಡೆಗೆ ಅಂಟಿಸಿದ ಟೈಲ್ಸಿನಂತೆ ಸತ್ತು ಕೂರುತ್ತಿದ್ದವು. ಜೀವವಿರುವ ಒಂದು ಕೈ ಯಂತ್ರದ ಗವಸು ತೊಟ್ಟು, ಗವಸಿನೊಳಗಿನ ಎಳೆತಕ್ಕೆ ಒಪ್ಪುತ್ತ, ಅಲ್ಲಲ್ಲಿ ತಡೆಯುತ್ತ ಹೋಗಬೇಕು. ಮೊದಲು ಕಾಲೇಜಿನ ಮಕ್ಕಳನ್ನು ಕೂರಿಸಿ ನೋಡಿದ್ದರು. ಅವರು ಒಳಗಿನ ಕೈಯೊಡನೆ ಕುಸ್ತಿ ಹಿಡಿದರು. ಚೂರಿನ ಪಕ್ಕ ಚೂರಿಡುತ್ತ ದಿನಗಟ್ಟಲೆ ಕೂರುವ ಕೌದಿಯ ಹೆಂಗಸರಿಗೆ ಅದು ಅಷ್ಟು ಕಷ್ಟವಾಗಲಿಲ್ಲ. ಹಿರಿಯರು ಕೈ ಹಿಡಿದು ಹೊಲಿಗೆ ಕಲಿಸಿದ ನೆನಪು ಅವರ ಮೈಯಲ್ಲಿತ್ತು.

ಆದರೆ ಗವಸು ಕಳಚಿದರೂ ಒಳಗಿನ ಕೈ ಒಮ್ಮೊಮ್ಮೆ ಹಿಂದೆಯೇ ಮನೆಗೆ ಬರುತ್ತಿತ್ತು. ಜೊತೆಗೆ ಕೆಲಸ ಮಾಡುವ ಬಾಳವ್ವ ಹಣೆಗೆ ಕುಂಕುಮ ಇಡಲು ಹೋಗಿ ಸುತ್ತ ಚುಕ್ಕೆಯ ಸಾಲನ್ನೇ ಇಟ್ಟುಕೊಂಡಿದ್ದಳು. ಊರು ನಕ್ಕು, ಒಗ್ಗಿಕೊಂಡಿತ್ತು.

*

ಕೆಲಸ ನಡೆಯುತ್ತಿದ್ದುದು ಹಳೆಯ ಅರಳೆ ಜಿನ್ನಿನಲ್ಲಿ, ಹಿಂದೆ ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಕಾರ್ಖಾನೆಯಲ್ಲಿ. ಯಂತ್ರ ಬದಲಾದರೂ ಹೆಸರು ಬದಲಾಗಿರಲಿಲ್ಲ; ಎಲ್ಲರೂ "ಜಿನ್ನಿಗೆ ಹೋಗತೀನಿ" ಎಂದೇ ಹೊರಡುತ್ತಿದ್ದರು. ಎತ್ತರದ ಛಾವಣಿಯ ಕೆಳಗೆ ಬೆಳಕಿನ ಗುಮ್ಮಟ ತೂಗುತ್ತಿತ್ತು. ಹೆಂಗಸರು ಚಾಪೆ ಹಾಸಿಕೊಂಡು ಕೂತು ಕೈಯಾಡಿಸಿದರೆ ಮೇಲೆ ಹರಳು ಮೂಡುತ್ತಿತ್ತು.

ಅರೆಗುಮ್ಮಟದಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಸೆರಗು, ಪಾದ, ಕೂಸಿನ ಅಂಗಿ, ಹಿಂದಿನ ಚಿನ್ನದ ಬಯಲು ಎಲ್ಲ ಮುಗಿದಿತ್ತು. ಗಾರೆಯಲ್ಲಿ ಗುರುತಿಸಿದ್ದ ಏಳು ಕೈಗಳಲ್ಲಿ ಆರು ತಮ್ಮ ಪಾಲನ್ನು ಒಪ್ಪಿಸಿದ್ದವು. ಮುಖ ಮಾತ್ರ ಏಳನೆಯ ಕೈಯದು. ಅದು ಸಾವಂತ್ರವ್ವನ ಕೈಯೊಳಗೆ ಕೂತಿತ್ತು, ಕೂತಲ್ಲಿಂದ ಒಂದು ವರ್ಷವಾದರೂ ಮುಖ ಬಂದಿರಲಿಲ್ಲ.

ಹರಳುಗಳನ್ನು ಒಂದೇ ಸಮನಾಗಿ ಕೂರಿಸುವುದಿಲ್ಲ. ಒಂದೊಂದನ್ನೂ ತುಸು ಓರೆ ಮಾಡುತ್ತಾರೆ, ಪಕ್ಕದ ಕಿಟಕಿಯ ಬೆಳಕನ್ನು ಹಿಡಿದು ಕೆಳಗೆ ನಿಂತವರ ಕಣ್ಣಿಗೆ ಕೊಡಲೆಂದು. ಏಳನೆಯ ಕೈ ಕೂರಿಸಿದ ಹರಳುಗಳು ಬೆಳಕನ್ನು ಎತ್ತಲೋ ಗೋಡೆಗೆ ಎಸೆಯುತ್ತಿದ್ದವು. ತಾಯಿಯ ಮುಖ ಮಬ್ಬಾಗಿ, ಕಣ್ಣು ಒಂದರ ಮೇಲೊಂದು ಜಾರಿದಂತೆ ಕಾಣುತ್ತಿತ್ತು. ಸಾವಂತ್ರವ್ವನಿಗೆ ಸಂಜೆಯಾದರೆ ರಟ್ಟೆ ಸಿಡಿಯುತ್ತಿತ್ತು.

"ನನ್ನಾಂವ ಬರೀ ಬಂಗಾರ ಹಚ್ಚಾಂವ, ಶ್ಯಾಣ್ಯಾ," ಎನ್ನುತ್ತಿದ್ದಳು ಬಾಳವ್ವ. "ನಿನ್ನಾಂವ ಕುಡಕ ಇದ್ದಿರಬೇಕು ನೋಡ ಸಾವಂತ್ರೀ."

"ಕುಡಕ ಅಲ್ಲಬೇ. ಆಂವ ಹಿಂದು ಹಿಂದಕ ನಡೀತಾನ. ಎತ್ತಿನ ಹಿಂದ ಗಾಡಿ ಹೋಗೂದು ಬಿಟ್ಟು ಗಾಡಿ ಹಿಂದ ಎತ್ತು ಹೊಂಟಂಗ ಆಗತೈತಿ ಕೈಯಾಗ."

ಆ ದಿನ ಜಿನ್ನಿನ ಮುಖ್ಯಸ್ಥೆ ಮಹಾನಂದಾ ಬಂದು ಚಾಪೆಯ ತುದಿಗೆ ಕೂತಳು. ಹಳೆಯ ಕಟ್ಟಡಗಳ ವಿದ್ಯೆಯನ್ನೂ ಯಂತ್ರದ ವಿದ್ಯೆಯನ್ನೂ ಕಲಿತ ಬಾದಾಮಿ ಕಡೆಯ ಹೆಂಗಸು. ಕೆಟ್ಟ ಸುದ್ದಿಯಿದ್ದಾಗ ನಿಂತು ಹೇಳುವವಳಲ್ಲ.

"ಸಾವಂತ್ರಕ್ಕಾ, ಇಸ್ತಾಂಬುಲ್‌ನಿಂದ ಪಟ್ಟಣದ ಕೆಲಸ ನಡಸೂ ನೆರ್ಮಿನ್ ಬಾಯಿ ಮಾತಾಡಿದ್ರು. ಮಳಿಗಾಲಕ್ಕ ಬೆಳಕಿನ ಪಟ್ಟಣ ಮಂದಿಗೆ ತೆರೀತಾರಂತ. ಅಷ್ಟರಾಗ ತಾಯಿ ಮುಖ ಬರದಿದ್ರ ಏಳನೇ ಕೈ ಅಳಿಸಿಬಿಡೂದು ಅಂತ ತೀರ್ಮಾನ ಆತು. ಆರೂ ಕೈ ಕೂಡಿಸಿ ಸರಾಸರಿ ಕೈ ಒಂದು ಮಾಡಿ, ಅದರಿಂದ ತುಂಬಸ್ತಾರ."

"ಸರಾಸರಿ ಕೈ ಅಂದ್ರ ಯಾರ ಕೈರೀ?"

"ಯಾರದೂ ಅಲ್ಲ."

"ಯಾರದೂ ಅಲ್ಲದ ಕೈಲೆ ತಾಯಿ ಮಾರಿ ಮಾಡಸ್ತೀರೇನ್ರೀ ಬಾಯಾರ?"

ಮಹಾನಂದಾ ತಲೆಯೆತ್ತಿ ಮೇಲೆ ನೋಡಿದಳು. ಆಕೆಗೂ ಅದು ಬೇಕಾಗಿರಲಿಲ್ಲ. ಆದರೆ ಕಣ್ಣ ಮುಂದೆ ಗುಮ್ಮಟದಲ್ಲಿ ಕಾಣುತ್ತಿದ್ದುದು ಮುಖವೂ ಆಗಿರಲಿಲ್ಲ.

"ಅಳಿಸಿದ ಮ್ಯಾಲ ಆಂವ ಎಲ್ಲಿ ಇರತಾನ?"

"ಎಲ್ಲೂ ಇರೂದಿಲ್ಲ ಅಕ್ಕಾ. ಆಂವ ಇದ್ದದ್ದಕ್ಕ ಗುರುತು ಅಂದ್ರ ಈ ನಡೀ ಒಂದ."

ಮನೆಗೆ ನಡೆಯುವಾಗ ಸಾವಂತ್ರವ್ವ ಬಲಗೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು, ಬಿಟ್ಟರೆ ಯಾರೋ ಕಸಿದುಕೊಳ್ಳುವರೇನೋ ಎನ್ನುವಂತೆ.

*

ಸುಟ್ಟುಕೊಂಡದ್ದು ಮರುದಿನ ಮುಂಜಾನೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗ ಒಳಗಿನ ಕೈ ಮತ್ತೆ ಹಿಂದಕ್ಕೆ ಎಳೆಯಿತು. ಸಾವಂತ್ರವ್ವ ಮುಂದಕ್ಕೆ ಎಳೆದಳು. ಎರಡರ ಜಗಳದಲ್ಲಿ ಬಲ ಅಂಗೈ ಹಂಚಿಗೆ ಬಡಿಯಿತು.

ಅತ್ತೆ ಲೋಳೆಸರ ಸೀಳಿ ಹಚ್ಚಿ ಬಟ್ಟೆ ಸುತ್ತಿದಳು. "ಬೀಗ ಅಂತ ಸಲಿಗಿ ಕೊಟ್ರ ಕೈನ ಸುಡತಾನ," ಎಂದು ಬೈದಳು. ಬೈದು, ಮೊಣಕಾಲು ಹಿಡಿದುಕೊಂಡು ಎಮ್ಮೆಗೆ ನೀರು ತೋರಿಸಲು ಹಿತ್ತಿಲಿಗೆ ಹೋದಳು.

ಹಿಟ್ಟು ಕಲಸಿಟ್ಟಿತ್ತು. ದುಂಡಪ್ಪನ ಬುತ್ತಿಗೆ ರೊಟ್ಟಿ ಬೇಕಿತ್ತು. ಸಾವಂತ್ರವ್ವ ಒಮ್ಮೆ ಹಿತ್ತಿಲ ಕಡೆ ನೋಡಿ ಎಡಗೈಯನ್ನು ಹಿಟ್ಟಿಗೆ ಹಚ್ಚಿದಳು.

ಆಕೆ ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ತಾಯಿ ಉಣ್ಣುವ ಹೊತ್ತಿಗೆ ಆ ಕೈಯನ್ನು ಸೆರಗಿನ ತುದಿಯಿಂದ ಸೊಂಟಕ್ಕೆ ಕಟ್ಟಿಬಿಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಕಣ್ಣೇ ಆ ಗಂಟಿನ ಕೆಲಸ ಮಾಡಿತು. ಒಲೆ, ದೇವರು, ಬಂದವರು, ಈ ಮೂರರ ಮುಂದೆ ಎಡಗೈಯಿಂದ ಕೆಲಸ ಮಾಡಿದ್ದೇ ಇಲ್ಲ. ಈಗ ಎಷ್ಟೋ ವರ್ಷದ ಮೇಲೆ ಅದು ಹಿಟ್ಟು ಮುಟ್ಟಿತು. ಒಂದು ಸುತ್ತು ಬಡಿಯುವುದರೊಳಗೆ ಹೆಬ್ಬೆರಳು ತಾನಾಗಿ ಅಂಚಿಗೆ ಹೋಯಿತು. ಒತ್ತಿತು, ಓರೆ ಮಾಡಿತು, ಎರಡು ಸಲ ತಟ್ಟಿತು. ರಟ್ಟೆಗೆ ನೋವಾಗಲಿಲ್ಲ. ಕೈ ಮುಂದಕ್ಕೆ ಹೋಯಿತು. ಮತ್ತೆ ಒತ್ತಿತು, ತಟ್ಟಿತು, ಮುಂದಕ್ಕೆ ಹೋಯಿತು. ರೊಟ್ಟಿಯ ಸುತ್ತ ಅಂಚಿನಲ್ಲಿ ಬೆರಳಿನ ಗುರುತುಗಳು ಸಣ್ಣ ಹಾರದಂತೆ ಮೂಡಿದವು, ಒಂದೂ ಹರಿಯಲಿಲ್ಲ.

"ಆ ಕೈ ತಗಿ."

ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಅತ್ತೀ, ನೋಡಿಲ್ಲೆ."

"ನೋಡೂದೇನ ಬಂತು? ರೊಟ್ಟಿಗೆ ಎಡಗೈ ಹಚ್ಚತಾರೇನು ಯಾರರ?"

"ಎಡಚ ಅದಾನತ್ತೀ ಆಂವ," ಎಂದಳು ಸಾವಂತ್ರವ್ವ. "ನನ್ನಂಗ ಎಡಚ ಅದಾನ. ಒಂದು ವರ್ಷ ಆಂವನ್ನ ಕಟ್ಟಿಹಾಕಿ ದುಡಿಸಿವಿ ನಾವು."

ಅತ್ತೆ ರೊಟ್ಟಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆ ರೊಟ್ಟಿಯನ್ನು ಎತ್ತಿ ಎಮ್ಮೆಗೆ ಹಾಕಲು ಒಯ್ದಳು.

*

ಮಹಾನಂದಾ ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಗೂಟಗಳಿಗೆ ಗವಸುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದನ್ನೇ ಮುಟ್ಟುತ್ತ ಕೊನೆಯವರೆಗೂ ಹೋದಳು. ಎಲ್ಲವೂ ಬಲಗೈಯವು.

ತರಿಸುವಾಗಲೇ ಹಾಗೆ ತರಿಸಿದ್ದರು. ಯಂತ್ರದಲ್ಲಿ ಬಲವೋ ಎಡವೋ ಎಂದು ಕೇಳುವ ಜಾಗವಿತ್ತು. ಅದರಲ್ಲಿ ಬಲ ಎಂದು ಹಾಕಿದವರು ಯಾರೆಂದು ಹುಡುಕುವ ಅಗತ್ಯವಿರಲಿಲ್ಲ. ಈ ಊರಿನಲ್ಲಿ ಯಾರು ಹಾಕಿದ್ದರೂ ಅದನ್ನೇ ಹಾಕುತ್ತಿದ್ದರು. ದೇವರ ಕೆಲಸಕ್ಕೆ ಯಾವ ಕೈ ಎಂದು ಯಾರಾದರೂ ಕೇಳುವುದುಂಟೆ? ಇಸ್ತಾಂಬುಲ್‌ನವರು ಗವಸಿನ ಚಿಂತೆಯನ್ನು ಇವರಿಗೇ ಬಿಟ್ಟಿದ್ದರು. ಎಡ ಹೆಬ್ಬೆರಳು ಎಬ್ಬಿಸಿದ ಗಾರೆಯ ತುಟಿಯನ್ನು ಯಂತ್ರ ಬಲ ಹೆಬ್ಬೆರಳಿನದೆಂದು ಓದಿ, ಹಿಂದಕ್ಕೆ ನಡೆಯುವ ವಿಚಿತ್ರ ಮನುಷ್ಯನೊಬ್ಬನನ್ನು ಮಾಡಿಟ್ಟಿತ್ತು.

"ನಾನೂ ಉಣ್ಣೂದು ಬಲಗೈಲೆನ," ಎಂದು ಮಹಾನಂದಾ ನಕ್ಕಳು. ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡಳು. "ನಡೀರಿ, ಎಡಗೈ ಗವಸ ಎಲ್ಲಿಂದ ತರೂಣು? ಹೊರದೇಶದಿಂದ ಬರೂದರಾಗ ಮಳಿಗಾಲ ಮುಗದಿರತೈತಿ."

"ತರೂದ್ಯಾಕ್ರೀ?" ಎಂದಳು ಬಾಳವ್ವ. "ಬಲಗೈದ ಬಿಚ್ಚಿದ್ರಾತು. ನಾವು ಇಲ್ಲಿ ಇಷ್ಟು ಮಂದಿ ಕುಂತೇವಿ, ಹರಟೀ ಹೊಡ್ಯಾಕ ಕುಂತೇವೇನು?"

ಹೆಂಗಸರು ಗವಸನ್ನು ಚಾಪೆಯ ಮೇಲೆ ಹರವಿ ಹೊಲಿಗೆ ಬಿಚ್ಚಿದರು. ಕೂದಲೆಳೆಯಂಥ ತಂತಿಗಳನ್ನು ಮಹಾನಂದಾ ಒಂದೊಂದಾಗಿ ಹಿಡಿದು ತೋರಿಸಿದಳು, ಅವರು ಅದನ್ನು ಹೊಸ ಜಾಗಕ್ಕೆ ಹೊಲಿಗೆಯ ಟಾಕಿ ಹಾಕಿ ಕೂರಿಸಿದರು. ಒಂದು ತಂತಿ ತುಂಡಾಯಿತು. ಇನ್ನೊಂದು ಗವಸಿನಿಂದ ತೆಗೆದರು. ಮಹಾನಂದಾ ಯಂತ್ರದಲ್ಲಿ ಏಳನೆಯ ಕೈಗೆ ಎಡ ಎಂದು ಹಾಕಿದಳು. ಕೆಲವು ದಿನಕ್ಕೆ ಎಡಗೈಯ ಗವಸು ಸಿದ್ಧವಾಯಿತು. ಬೆರಳಿನ ಸಂದಿಗೆ ಇಳಕಲ್ ಸೀರೆಯ ಕೆಂಪು ಅಂಚಿನ ತುಂಡು ಬಿದ್ದಿತ್ತು.

ತೊಡುವ ಹೊತ್ತಿಗೆ ಬಾಳವ್ವನೇ ಹಿಂಜರಿದಳು. "ಎಲ್ಲಾ ಖರೆ ಸಾವಂತ್ರೀ. ಆದ್ರ ಮಾರಿ ದೇವ್ರದು. ಅವರ ದೇವರಾದ್ರೇನು, ನಮ್ಮ ದೇವರಾದ್ರೇನು. ಎಡಗೈ ಹಚ್ಚಬೇಕಲ್ಲ."

ಬಾಳವ್ವ ಹೇಳಿದ್ದು ಸಾವಂತ್ರವ್ವನ ಹೊಟ್ಟೆಯಲ್ಲಿ ಮೊದಲೇ ಇತ್ತು. ಆಂವ ಎಡಗೈಯಲ್ಲಿ ಮಾಡಿದ, ಆಂವನ ಊರಿನಲ್ಲಿ ನಡೆಯಿತೋ, ಆಂವನೂ ಬೈಗುಳ ತಿಂದನೋ ಯಾರಿಗೆ ಗೊತ್ತು. ತನಗೆ ನಡೆಯುತ್ತದೆಯೆ? ಗವಸನ್ನು ಗೂಟಕ್ಕೆ ತೂಗುಹಾಕಿ ಮನೆಗೆ ಬಂದಳು.

ಅತ್ತೆ ಕೌದಿ ಹರವಿಕೊಂಡು ಕೂತಿದ್ದಳು. ಸಾವಂತ್ರವ್ವನ ಮಗಳು ಗಂಗವ್ವ ಹೆರಿಗೆಗೆ ಬರುವವಳಿದ್ದಳು, ತೊಟ್ಟಿಲಿಗೆ ಆ ಕೌದಿ. ಸಾವಂತ್ರವ್ವ ಎದುರಿಗೆ ಕೂತು ಕೌದಿಯ ಅಂಚು ಹಿಡಿದುಕೊಟ್ಟಳು.

"ಅತ್ತೀ, ಗವಸು ಆತು. ಹಾಕ್ಕೊಂಡಿಲ್ಲ. ತಾಯಿ ಮಾರಿ ಅದ. ಎಡಗೈ ಹಚ್ಚಲೇನು, ಬ್ಯಾಡೇನು, ನೀ ಹೇಳು."

ಅತ್ತೆ ಸೂಜಿ ನಿಲ್ಲಿಸಲಿಲ್ಲ. "ಗಂಗೀ ಸಣ್ಣಾಕಿದ್ದಾಗ ಆಕೀನ ಎತ್ತಿಕೊಂಡು ನೀ ಒಲಿ ಮುಂದ ಕೆಲಸ ಮಾಡ್ತಿದ್ದಿ. ಯಾವ ಕೈಯಾಗ ಎತ್ತಿಕೋತಿದ್ದಿ?"

"ಎಡಗೈಯಾಗ."

"ನಾನೂ ದುಂಡ್ಯಾನ್ನ ಎಡಗೈಯಾಗನ ಎತ್ತಿಕೊಂಡಾಕಿ. ನನ್ನವ್ವನೂ ಹಂಗ." ಇನ್ನೆರಡು ಟಾಕಿ ಹಾಕಿ ಕೇಳಿದಳು. "ನಿಮ್ಮ ಜಿನ್ನಿನ್ಯಾಗ ಆ ತಾಯಿ ತನ್ನ ಕೂಸಿನ್ನ ಯಾವ ಕೈಯಾಗ ಎತ್ತಿಕೊಂಡಾಳ?"

ಸಾವಂತ್ರವ್ವ ಕಣ್ಣು ಮುಚ್ಚಿ ಗುಮ್ಮಟವನ್ನು ನೆನೆದಳು. ಬಲಗೈ ಎದೆಯ ಮುಂದೆ ಚಾಚಿ ಕೂಸನ್ನು ತೋರಿಸುತ್ತಿದೆ. ಕೂಸು ಕೂತಿರುವುದು...

"ಎಡಗೈಯಾಗ ಅತ್ತೀ."

"ಮತ್ತ? ದೇವರ ಕುಂತ ಕೈ ಅದು. ಹಚ್ಚು."

*

ಗವಸು ತೊಟ್ಟ ಮೊದಲ ಕ್ಷಣಕ್ಕೇ ಗೊತ್ತಾಯಿತು. ವರ್ಷಗಟ್ಟಲೆ ಬಾಡಿಗೆಯ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಿದವನು ಸ್ವಂತ ಮನೆಗೆ ಬಂದು ಮೈ ಮುರಿದ ಹಾಗೆ ಒಳಗಿನ ಕೈ ಬೆರಳು ಬಿಚ್ಚಿತು. ಮಹಾನಂದಾ ಹಳೆಯ ಮುಖವನ್ನು ಪೂರ್ತಿ ತೆಗೆದುಹಾಕಿದ್ದಳು. ಖಾಲಿ ಗಾರೆಯ ಮೇಲೆ ಹಳೆಯ ಗೆರೆಗಳಷ್ಟೇ ಇದ್ದವು.

ಆಂವ ಮೂಗಿನಿಂದ ಶುರುಮಾಡಿದ. ಹಸಿರು ಹರಳಿನ ಒಂದು ಸಾಲು ಮೂಗಿನ ನೆರಳಿಗೆ. ಮುಖದಲ್ಲಿ ಹಸಿರು ಏಕೆ ಎಂದು ಬಾಳವ್ವ ಗೊಣಗುವಷ್ಟರಲ್ಲಿ ಪಕ್ಕಕ್ಕೆ ಗುಲಾಬಿ ಬಂತು, ಹಸಿರು ಕರಗಿ ಮೈಬಣ್ಣವಾಯಿತು. ಹರಳುಗಳು ಕೆನ್ನೆಯನ್ನು ಬಳಸಿ ಸುತ್ತಿ ಬಂದವು, ಬಿಸಿಲಿಗೆ ಹರವಿದ ಕಾಳನ್ನು ಕೈಯಿಂದ ಬಳಿದಾಗ ಬೀಳುವ ಗೆರೆಗಳಂತೆ. ಸಾವಂತ್ರವ್ವ ಎಳೆತಕ್ಕೆ ಒಪ್ಪಿದಳು, ಗಾರೆ ಗಟ್ಟಿಯೆನಿಸಿದಲ್ಲಿ ಭಾರ ಕೊಟ್ಟಳು, ಮೆತ್ತಗಿದ್ದಲ್ಲಿ ಹಗುರಾದಳು. ಒತ್ತು, ಓರೆ, ತಟ್ಟು ತಟ್ಟು. ಉಣ್ಣಲು ಎದ್ದಳು, ಮನೆಗೆ ಹೋದಳು, ಮತ್ತೆ ಬಂದು ಕೂತಳು. ಹಬ್ಬ ಒಂದು ಬಂದು ಹೋಯಿತು. ಜಿನ್ನಿನ ತಗಡಿನ ಮೇಲೆ ಮೊದಲ ಮಳೆ ಬಿತ್ತು.

ಎಲ್ಲ ಮುಗಿದು ಬಲಗಣ್ಣಿನ ಪಾಪೆಯಲ್ಲಿ ಹೊಳಪಿಗೆಂದು ಒಂದು ಹರಳಿನ ಜಾಗ ಉಳಿದಾಗ ಗವಸಿನ ಎಳೆತ ನಿಂತಿತು.

"ಯಂತ್ರ ಕೆಟ್ಟತೇನ್ರೀ?"

"ಇಲ್ಲ," ಎಂದಳು ಮಹಾನಂದಾ. "ಕೊನೀ ಹರಳು ಆಂವ ಹೆಂಗ ಇಟ್ಟ ಅಂತ ಯಾವ ಗಾರಿಯಾಗೂ ಗುರುತು ಉಳಿದಿಲ್ಲ. ಯಂತ್ರಕ್ಕ ಗೊತ್ತಿಲ್ಲ. ಇದು ನಿಮ್ಮದು ಅಕ್ಕಾ."

ಸಾವಂತ್ರವ್ವ ಗವಸಿನೊಳಗಿನ ತನ್ನ ಎಡಗೈಯಿಂದಲೇ ಬಿಳಿಯ ಹರಳನ್ನು ಒತ್ತಿದಳು. ಓರೆ ಮಾಡಿದಳು.

ಆಗ ಇಸ್ತಾಂಬುಲ್‌ನ ಪರದೆಯಲ್ಲಿ ನೆರ್ಮಿನ್ ಕೂತಿದ್ದಳು, ಬಿಳಿಗೂದಲಿನ ಹೆಂಗಸು. ಆಕೆ ಅಲ್ಲಿಂದಲೇ ಬೆಳಕಿನ ಇಗರ್ಜಿಯ ಕಿಟಕಿ ತೆರೆದಳು. ಬಿಸಿಲು ಓರೆಯಾಗಿ ಒಳಗೆ ಬಂತು. ಹರಳಿಂದ ಹರಳಿಗೆ ಬೆಳಕು ದಾಟಿ ತಾಯಿಯ ಮುಖ ಮೆಲ್ಲಗೆ ಎಚ್ಚರವಾಯಿತು. ಆಕೆ ಜಿನ್ನಿನ ನೆಲದಲ್ಲಿ ಕೂತಿದ್ದ ಹೆಂಗಸರ ಕಡೆ ನೋಡುತ್ತಿದ್ದಳು. ಯಾರು ಎಲ್ಲಿಗೆ ಸರಿದರೂ ಅವರನ್ನೇ.

ಬಾಳವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನೆರ್ಮಿನ್ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮಹಾನಂದಾ ಕನ್ನಡದಲ್ಲಿ ಹೇಳಿದಳು.

"ಗುಮ್ಮಟದ ಕೆಳಗ ಮಾಡಿದವರ ಸಾಲು ಹಾಕಸ್ತಾರಂತ. 'ಏಳನೆಯ ಕೈ, ಎಡಗೈ' ಅಂತ ಬರಸ್ತಾರ. ಅದರ ಪಕ್ಕಕ್ಕ ನಿಮ್ಮ ಹೆಸರು, ಮೆಣಸಿನಕೊಪ್ಪದ ಹೆಸರು."

ಪಟ್ಟಣ ತೆರೆದ ದಿನ ಊರೆಲ್ಲ ಜಿನ್ನಿನಲ್ಲಿ ಸೇರಿ ನೋಡಿತು. ಕಡಲ ದಂಡೆಯಲ್ಲಿ ಗುಮ್ಮಟಗಳು, ಕಮಾನುಗಳು, ಕೋಟೆ ಬೆಳಕಾಗಿ ಎದ್ದು ನಿಂತವು. ಆ ದೊಡ್ಡ ಊರಿನೊಳಗೆ ತಮ್ಮ ಚಿಕ್ಕ ಇಗರ್ಜಿಯನ್ನು ಮೊದಲು ಗುರುತಿಸಿದವನು ದುಂಡಪ್ಪ. "ಅಗಾ, ನಮ್ಮ ಬೀಗನ ಮನಿ," ಎಂದ, ಇಡೀ ಜಿನ್ನಿಗೆ ಕೇಳುವ ಹಾಗೆ.

*

ಗಂಗವ್ವ ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಬೀಗರು ಬಂದರು. ಕೌದಿ ಮುಗಿದಿತ್ತು, ಒಂದು ಮೂಲೆಯಷ್ಟೇ ತೆರೆದಿತ್ತು. ಅವರ ಮನೆತನದಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುವ ಪದ್ಧತಿ. ಕೌದಿ ಹಸಿದಿರಬಾರದು ಎನ್ನುತ್ತಿದ್ದರು. ಬಲಗೈಯ ಗಾಯ ಯಾವಾಗಲೋ ಮಾಯ್ದಿದ್ದರೂ ಸಾವಂತ್ರವ್ವ ಎಲ್ಲರ ನಡುವೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು.

ಗಂಗವ್ವನ ಅತ್ತೆ ನೋಡಿ ತುಟಿ ಕಚ್ಚಿದಳು. "ಅಯ್ಯ, ಹೊಸಾ ಕೂಸಿನ ಕೌದಿ. ಎಡಗೈಲೆ ಹೊಲೀತೀರೇನ್ರಿ ಬೀಗತೀ?"

ಉತ್ತರ ಕೊಟ್ಟವಳು ಕಾಳವ್ವ. "ಆ ಕೈ ಯಾವುದು ಅಂತ ಗೊತ್ತೈತೇನವಾ ನಿಮಗ? ಕಡಲಾಚಿ ಊರಾಗ ತಾಯಿ ಮಾರಿ ಮಾಡಿದ ಕೈ ಅದು. ಅಲ್ಲಿ ಮಂದಿ ಕತ್ತೆತ್ತಿ ನಿಂತು ನೋಡತಾರ. ಕುಂದರ್ರಿ, ನೀವೂ ನೋಡ್ರಿ."

ಹೇಳಿ ಬುಟ್ಟಿಯ ರೊಟ್ಟಿ ಮುರಿದಳು. ಒಂದು ಚೂರನ್ನು ಸೊಸೆಯ ಎಡ ಅಂಗೈಯ ಮೇಲೆ ತಾನೇ ಇಟ್ಟು ಬೆರಳುಗಳನ್ನು ಮಡಚಿದಳು.

ಸಾವಂತ್ರವ್ವ ಅದನ್ನು ಮೂಲೆಯೊಳಗೆ ಸರಿಸಿ ಹೊಲಿದಳು. ದಾರ ಕಡಿದ ಮೇಲೆ ಕೈ ಮೂಲೆಯನ್ನು ಒತ್ತಿತು, ತುಸು ಓರೆ ಮಾಡಿತು, ಎರಡು ಸಲ ತಟ್ಟಿತು.

ಅತ್ತೆ ಬಗ್ಗಿ, ಬೀಗರಿಗೆ ಕೇಳದ ಹಾಗೆ ಕೇಳಿದಳು.

"ಉಂಡನೇನ?"

"ಉಂಡ ಅತ್ತೀ."